ಅನುಭವ ಹಂಚಿಕೆ: ಬ್ಲಾಗರ್ರೋ, ವರ್ಡ್‌ಪ್ರೆಸ್ಸೋ?

ಕೆರೆದಂಡೆ:
ನಮಸ್ಕಾರ. ನಮ್ಮಪ್ಪ ನಿವೃತ್ತ ಮೇಷ್ಟ್ರು. ಸುತ್ತಮುತ್ತಲ ಕೆರೆಗಳ ಬಗ್ಗೆ 40 ಬರಹ ಬರೆದಿದ್ದಾರೆ. ಎಲ್ಲಾ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದು. ಅವರಿಗೊಂದು ಬ್ಲಾಗ್ ಮಾಡಿಕೊಡಬೇಕು. ದುಡ್ಡು ಮಾಡುವ ಆಸೆ ಇಲ್ಲ. ವರ್ಷಕ್ಕೆ 1,000 ರೂಪಾಯಿ ದಾಟಬಾರದು. ಮುಂದೆ ಅಪ್ಪ ಫೋನಿನಲ್ಲೇ ಬರೆಯುತ್ತಾರಂತೆ. ಬ್ಲಾಗ್ ನಡೆಸುವುದಕ್ಕೆ ಗೂಗಲ್‌ನ ಬ್ಲಾಗರ್ ಒಳ್ಳೆಯದಾ, ವರ್ಡ್‌ಪ್ರೆಸ್ಸಾ? ಅನುಭವ ಇದ್ದವರು ಹೇಳಿ.

ಹಳೇ ಬ್ಲಾಗಿ:
ಬ್ಲಾಗರ್. ಎರಡನೇ ಮಾತೇ ಇಲ್ಲ. ನಾನು 2006ರಿಂದ ಅಲ್ಲೇ ಇದ್ದೇನೆ. ಶುರು ಮಾಡಿ ಒಂದು ತಿಂಗಳಾಗಿತ್ತಷ್ಟೆ, ಜುಲೈನಲ್ಲಿ ಮುಂಬೈ ರೈಲು ಸ್ಫೋಟ ಆಯಿತು. ಕೆಲವು ಪುಟಗಳನ್ನು ತಡೆಯಿರಿ ಅಂತ ಸರ್ಕಾರ ಹೇಳಿದರೆ, ಇಂಟರ್ನೆಟ್ ಕೊಡುವವರು ಬ್ಲಾಗರ್‌ನ ಬ್ಲಾಗುಗಳೆಲ್ಲ ಇರುವ ಇಡೀ ಬ್ಲಾಗ್‌ಸ್ಪಾಟಿಗೇ ಬಾಗಿಲು ಹಾಕಿದರು. ಬರೆಯುವ ಪುಟ ತೆರೆಯುತ್ತಿತ್ತು, ಬರೆದದ್ದನ್ನು ಓದುವ ಪುಟ ತೆರೆಯುತ್ತಿರಲಿಲ್ಲ. ಕತ್ತಲಲ್ಲಿ ಅಡುಗೆ ಮಾಡಿದ ಹಾಗೆ! ಆದರೂ ಬಿಡಲಿಲ್ಲ. ಇವತ್ತಿಗೆ 612 ಬರಹ, ಖರ್ಚು ಸೊನ್ನೆ. ವರ್ಡ್‌ಪ್ರೆಸ್ ಅಂತ ಹೋದ ನನ್ನ ಐದಾರು ಗೆಳೆಯರ ಬ್ಲಾಗು ಈಗ ಹುಡುಕಿದರೂ ಸಿಗುವುದಿಲ್ಲ. ಡೊಮೈನ್, ಅಂದರೆ ದುಡ್ಡು ಕೊಟ್ಟು ಪಡೆದ ವಿಳಾಸದ ಹೆಸರು, ನವೀಕರಿಸಲಿಲ್ಲ, ಮುಗಿಯಿತು.

ಬೈಟು ಕಾಫಿ:
ಸೊನ್ನೆ ಖರ್ಚಿನವರ ಕಥೆ ಕೇಳಿದ್ದಾಯಿತು. ಈಗ ನನ್ನ ಲೆಕ್ಕ ಕೇಳಿ. 2019ರಲ್ಲಿ ಸ್ವಂತ ಹೋಸ್ಟಿಂಗ್ (ಬ್ಲಾಗ್ ಇಡಲು ಬಾಡಿಗೆ ಜಾಗ) ತಗೊಂಡು ವರ್ಡ್‌ಪ್ರೆಸ್ ಹಾಕಿದೆ. ತಿಂಗಳಿಗೆ 119 ಅಂತ ಆಫರ್, ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಜಿಎಸ್‌ಟಿ ಸೇರಿ 5,055. ಸರಿ, ಕಟ್ಟಿದೆ. 2022ರಲ್ಲಿ ನವೀಕರಣ ಬಂತು ನೋಡಿ, ತಿಂಗಳಿಗೆ 349! ವರ್ಷಕ್ಕೆ 4,942. ಮೂರು ವರ್ಷ ಹಾಗೇ ಕಟ್ಟಿದೆ. ಡೊಮೈನ್ ಮೊದಲ ವರ್ಷ 235, ಆಮೇಲೆ ಐದು ವರ್ಷ 1,297ರಂತೆ. ಇಷ್ಟು ಸಾಲದು ಅಂತ 2023ರಲ್ಲಿ ಯಾರೋ ಒಳಗೆ ನುಗ್ಗಿದರು. ಗೂಗಲ್‌ನಲ್ಲಿ ನನ್ನ ಬ್ಲಾಗ್ ಹುಡುಕಿದರೆ ಜಪಾನಿ ಭಾಷೆಯಲ್ಲಿ ಕೈಚೀಲ ಮಾರುವ ಪುಟಗಳು. ತಪ್ಪು ನನ್ನದೇ, ಒಂದು ಪ್ಲಗಿನ್ (ವರ್ಡ್‌ಪ್ರೆಸ್ಸಿಗೆ ಸೇರಿಸುವ ಪುಟ್ಟ ತಂತ್ರಾಂಶ) ಎರಡು ವರ್ಷದಿಂದ ಅಪ್‌ಡೇಟ್ ಮಾಡಿರಲಿಲ್ಲ. ಸ್ವಚ್ಛ ಮಾಡಿಸಲು 6,500. ಆರು ವರ್ಷಕ್ಕೆ ಒಟ್ಟು 33,101 ರೂಪಾಯಿ. ಬರೆದದ್ದು 41. ಒಂದೊಂದಕ್ಕೆ 807 ರೂಪಾಯಿ ಬಿತ್ತು.

ಆದರೂ ಹೇಳುತ್ತೇನೆ, ಸ್ವಂತ ಮನೆ ಸ್ವಂತ ಮನೆಯೇ.

ಹಳೇ ಬ್ಲಾಗಿ:
ವರ್ಷವರ್ಷ ದುಡ್ಡು ಕಟ್ಟದಿದ್ದರೆ ಹೊರಗೆ ಹಾಕುತ್ತಾರೆ, ಅದು ಸ್ವಂತ ಮನೆ ಹೇಗಾಗುತ್ತದೆ ಸಾರ್?

ಬೈಟು ಕಾಫಿ:
ನಿಮ್ಮದು ಛತ್ರ. ಮಾಲೀಕರು ಏಳಿ ಅಂದರೆ ಎದ್ದು ಹೋಗಬೇಕು. ಬ್ಲಾಗರ್‌ನ ಭಾರತದ ವಿಳಾಸ ಬ್ಲಾಗ್‌ಸ್ಪಾಟ್.ಇನ್ ನೆನಪಿದೆಯಾ? 2020ರಲ್ಲಿ ಆ ಡೊಮೈನೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಆ ವಿಳಾಸಕ್ಕೆ ಕೊಟ್ಟಿದ್ದ ಕೊಂಡಿಗಳೆಲ್ಲ ಸತ್ತವು. ನವೀಕರಣ ಮರೆಯುವುದು ಬಡ ಬ್ಲಾಗಿಗರು ಮಾತ್ರ ಅಂದುಕೊಂಡಿದ್ದೀರಾ?

ಹಳೇ ಬ್ಲಾಗಿ:
ಬರಹ ಎಲ್ಲೂ ಹೋಗಿರಲಿಲ್ಲ. ಇನ್ ತೆಗೆದು ಕಾಮ್ ಹಾಕಿದರೆ ತೆರೆಯುತ್ತಿತ್ತು. ಗೊತ್ತಿಲ್ಲದೆ ಸುಮ್ನೆ ಹೆದರಿಸಬೇಡಿ.

ಮಳೆಬಿಲ್ಲು:
ಇಬ್ಬರೂ ಒಂದು ನಿಮಿಷ ನಿಲ್ಲಿ. ಕನ್ನಡದಲ್ಲಿ ಬರೆಯುವವರಿಗೆ ನಿಜವಾದ ತಲೆನೋವು ಕೊಂಡಿಯದ್ದು. ಬ್ಲಾಗರ್‌ನಲ್ಲಿ ಕನ್ನಡ ತಲೆಬರಹ ಕೊಟ್ಟರೆ ವಿಳಾಸದಲ್ಲಿ ಅದು ಬರುವುದೇ ಇಲ್ಲ. 'ಬ್ಲಾಗ್-ಪೋಸ್ಟ್_17' ಅಂತ ಬರುತ್ತದೆ. ಯಾವುದು ಯಾವ ಬರಹ ಅಂತ ದೇವರಿಗೇ ಗೊತ್ತು. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ವಾಟ್ಸಾಪಿಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಸಾಲು, ಅರ್ಧ ಪರದೆ ತುಂಬಾ. ಕನ್ನಡದ ಒಂದೊಂದು ತುಣುಕಿಗೆ ಒಂಬತ್ತು ಚಿಹ್ನೆ ಹಿಡಿಯುತ್ತದೆ. ಕೊಂಬು, ದೀರ್ಘ, ಒತ್ತು ಎಲ್ಲವೂ ಲೆಕ್ಕಕ್ಕೆ. ವರ್ಡ್‌ಪ್ರೆಸ್ ವಿಳಾಸದಲ್ಲಿ ತಲೆಬರಹಕ್ಕೆ ಮಿತಿ 200 ಚಿಹ್ನೆ. ಅಂದರೆ 22 ತುಣುಕು ಆಗುತ್ತಲೇ ಕತ್ತರಿ. ನನ್ನ 'ಅಜ್ಜಿಯ ಮನೆಯ ಹಿತ್ತಲ ಹಲಸಿನ ಮರ' 'ಹಲಸಿನ' ಅನ್ನುವಲ್ಲಿಗೇ ನಿಂತುಹೋಯಿತು, 'ಮರ' ಬರಲೇ ಇಲ್ಲ. ಬಂಧುಗಳೊಬ್ಬರು ವೈರಸ್ ಅಂದುಕೊಂಡು ಫೋನನ್ನೇ ಆಫ್ ಮಾಡಿದ್ದರು. ಈಗ ಪ್ರತಿ ಬರಹಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ನಾನೇ ವಿಳಾಸ ಕೊಡುತ್ತೇನೆ. ಬ್ಲಾಗರ್‌ನಲ್ಲೂ ಹಾಗೆ ಮಾಡಬಹುದು, ಪ್ರಕಟಿಸುವ ಮೊದಲು.

ಕಡಲತೀರ:
ಕನ್ನಡ ಬ್ಲಾಗಿಗೆ ಇಂಗ್ಲಿಷ್ ವಿಳಾಸ! ಇದಕ್ಕಿಂತ ಇಂಗ್ಲಿಷಿನಲ್ಲೇ ಬರೆದುಬಿಡಿ ಮೇಡಂ.

ಮಳೆಬಿಲ್ಲು:
ನಿಮ್ಮ ಇಮೇಲ್ ವಿಳಾಸ ಯಾವ ಲಿಪಿಯಲ್ಲಿದೆ, ಅದನ್ನು ಮೊದಲು ಹೇಳಿ.

ಕಡಲತೀರ:
ವಿಷಯ ತಪ್ಪಿಸಬೇಡಿ.

ಪುಟ್ಟಕ್ಕ:
ಬ್ಲಾಗ್ ಈಗ ಯಾರು ಓದುತ್ತಾರೆ? ಫೇಸ್‌ಬುಕ್ಕಿಗೆ ಹಾಕಿ, ಹತ್ತು ನಿಮಿಷಕ್ಕೆ ಐವತ್ತು ಲೈಕು.

ಹಳೇ ಬ್ಲಾಗಿ:
ಹನ್ನೊಂದನೇ ನಿಮಿಷಕ್ಕೆ ಎಲ್ಲಿ ಹೋಯಿತು ಅಂತ ಹುಡುಕಿ ತೋರಿಸಿ ನೋಡೋಣ.

ಬೈಟು ಕಾಫಿ:
ಇದೊಂದು ವಿಷಯದಲ್ಲಿ ಹಳೇ ಬ್ಲಾಗಿಯವರ ಮಾತು ಒಪ್ಪುತ್ತೇನೆ. ಇದೊಂದೇ.

ಅಕ್ಷರ ಪಾತ್ರೆ:
ನಿವೃತ್ತ ಮೇಷ್ಟ್ರು, ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು ಅಂದಿರಿ. ಎದೆ ಝಲ್ ಅಂತು. ಯಾವುದರಲ್ಲಿ? 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಕಡತ ಆದರೆ ಯೂನಿಕೋಡ್ (ಎಲ್ಲಾ ಕಂಪ್ಯೂಟರ್, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಆಗಿರುವುದಿಲ್ಲ. ಬ್ಲಾಗಿಗೆ ಅಂಟಿಸಿದರೆ ಬರೀ ಇಂಗ್ಲಿಷ್ ಚಿಹ್ನೆಗಳ ಗೊಜ್ಜು. ನಮ್ಮ ಮಾವನವರ 300 ಪುಟ ನಾನು ಪರಿವರ್ತಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹಳೇ ಅಕ್ಷರಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಪರಿವರ್ತಕ ಸರಿ ಇಲ್ಲದಿದ್ದರೆ 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ. ಮೂರು ಪರಿವರ್ತಕ ಬಳಸಿದೆ, ಮೂರೂ ಬೇರೆ ಬೇರೆ ಕಡೆ ಕೈಕೊಟ್ಟವು. ಕೊನೆಗೆ ಎರಡು ತಿಂಗಳು, ದಿನಾ ರಾತ್ರಿ ಊಟ ಆದ ಮೇಲೆ ಐದೈದು ಪುಟ ಕಣ್ಣಲ್ಲೇ ತಿದ್ದಿದೆ. ಕನ್ನಡಕದ ನಂಬರ್ ಬದಲಾಯಿತು, ಅದಕ್ಕೆ 3,200. ಯಾವ ವೇದಿಕೆ ಅನ್ನುವುದು ಆಮೇಲಿನ ಮಾತು.

ಕಡಲತೀರ:
ಮೊದಲಿನಿಂದ ಬರಹದಲ್ಲೇ ಟೈಪ್ ಮಾಡಿದ್ದರೆ ಈ ಪಾಡು ಇರಲಿಲ್ಲ. ಅದರಲ್ಲಿ ಪರಿವರ್ತಕ ಜೊತೆಗೇ ಬರುತ್ತಿತ್ತು.

ಅಕ್ಷರ ಪಾತ್ರೆ:
ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಇದ್ದದ್ದು ನುಡಿ. ಮೇಷ್ಟ್ರು ಕಲಿತದ್ದರಲ್ಲೇ ಬರೆದಿರುತ್ತಾರೆ. ಅವರೇನು ನಿಮ್ಮನ್ನು ಕೇಳಿ ಬರೆಯಬೇಕಿತ್ತಾ?

ಕಡಲತೀರ:
ನಾನು ಮೇಷ್ಟ್ರಿಗೆ ಏನೂ ಅನ್ನಲಿಲ್ಲ. ನೀವೇ ಮೈಮೇಲೆ ಎಳೆದುಕೊಳ್ಳುತ್ತಿದ್ದೀರಿ.

ಬೈಟು ಕಾಫಿ:
ನುಡಿ-ಬರಹ ಜಗಳ 2005ರಲ್ಲೇ ಮುಗಿಯಿತು ಅಂದುಕೊಂಡಿದ್ದೆ.

ಹಳೇ ಬ್ಲಾಗಿ:
ಮುಗಿದಿಲ್ಲ. ಅಂದಹಾಗೆ ನಾನೂ ಬರಹ ಕಡೆಯವನು.

ಕೆರೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಫೋನಿನಲ್ಲಿ ಬರೆಯುವುದಕ್ಕೆ ಯಾವುದು ಸುಲಭ ಅಂತ ಯಾರಾದರೂ ಹೇಳಿದರೆ ಚೆನ್ನಾಗಿತ್ತು.

ಬೈಟು ಕಾಫಿ:
ವರ್ಡ್‌ಪ್ರೆಸ್ ಆ್ಯಪ್ ಇದೆ. ನಾನು ಮಾತ್ರ ಫೋನಿನಲ್ಲಿ ಒಮ್ಮೆಯೂ ಬರೆದಿಲ್ಲ. 2018ರ ಕೊನೆಯಲ್ಲಿ ಬಂದ ಆ ಡಬ್ಬಿ ಡಬ್ಬಿ ಎಡಿಟರ್ ಇದೆಯಲ್ಲ, ಲ್ಯಾಪ್‌ಟಾಪಿನಲ್ಲೇ ನನಗಿನ್ನೂ ಕೈಗೆ ಹತ್ತಿಲ್ಲ. ಹಳೆಯ ಎಡಿಟರ್ ವಾಪಸ್ ತರಲು ಒಂದು ಪ್ಲಗಿನ್ ಹಾಕಿಕೊಂಡಿದ್ದೇನೆ.

ಹಳೇ ಬ್ಲಾಗಿ:
ಮತ್ತೆ ಪ್ಲಗಿನ್ನಾ! ಅದನ್ನಾದರೂ ಅಪ್‌ಡೇಟ್ ಮಾಡಿದ್ದೀರಾ?

ಬೈಟು ಕಾಫಿ:
ನಿಮ್ಮ 612ರಲ್ಲಿ ಕಳೆದ ವರ್ಷ ಬರೆದದ್ದು ಎಷ್ಟು?

ಹಳೇ ಬ್ಲಾಗಿ:
ಎರಡು. ಮೊಣಕಾಲು ಆಪರೇಷನ್ ಆಗಿತ್ತು.

ಬೈಟು ಕಾಫಿ:
ಓ, ಗೊತ್ತಿರಲಿಲ್ಲ. ಈಗ ಹೇಗಿದ್ದೀರಿ?

ಹಳೇ ಬ್ಲಾಗಿ:
ಮೆಟ್ಟಿಲು ಹತ್ತುತ್ತೇನೆ. ಆದರೆ ಛತ್ರ ಅಂದದ್ದು ಮರೆತಿಲ್ಲ.

ಕೆರೆದಂಡೆ:
ಅಕ್ಷರ ಪಾತ್ರೆಯವರೇ, ಅಪ್ಪನ ಕಡತ ತೆರೆದೆ. ನುಡಿಯೇ. ಸಿಕ್ಕ ಒಂದು ಪರಿವರ್ತಕಕ್ಕೆ ಮೊದಲ ಬರಹ ಹಾಕಿದೆ. 'ಕೆರೆಯ ಏರಿಯ ಮೇಲಿಂದ ಸೂಯಾರ್ಸ್ತ' ಅಂತ ಶುರುವಾಗಿದೆ.

ಅಕ್ಷರ ಪಾತ್ರೆ:
ಅಯ್ಯೋ. ಎಷ್ಟು ಪುಟ ಅಂದಿರಿ?