ಐಕಾನ್ ಕಾಣುತ್ತೆ, ಪಾಸ್‌ವರ್ಡ್ ಸರಿ ಇದೆ, ಆದರೂ ವರ್ಚುವಲ್ ಡೆಸ್ಕ್‌ಟಾಪ್ ಒಳಗೆ ಬಿಡ್ತಿಲ್ಲ

ಪ್ರಶ್ನೆ (ವಸಂತನರಸಾಪುರ, ತುಮಕೂರು)

ಎಲ್ಲರಿಗೂ ನಮಸ್ಕಾರ. ಆಫೀಸಿನ 22 ಜನ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ (ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿರೋ ವಿಂಡೋಸ್ ಮಷಿನನ್ನು ದೂರದಿಂದ ಬಳಸೋ ಸೇವೆ) ಬಳಸ್ತಾರೆ. ಸೆಂಟ್ರಲ್ ಇಂಡಿಯಾ ರೀಜನ್, ವಿಂಡೋಸ್ 11 ಮಲ್ಟಿ ಸೆಷನ್, ಬರೀ ಎಂಟ್ರಾ ಜಾಯಿನ್ (ಮಷಿನ್‌ಗಳು ಮೈಕ್ರೋಸಾಫ್ಟ್‌ನ ಕ್ಲೌಡ್ ಅಕೌಂಟ್ ವ್ಯವಸ್ಥೆಯಾದ ಎಂಟ್ರಾಗೆ ಮಾತ್ರ ಸೇರಿವೆ). ಆಫೀಸಲ್ಲಿ ಡೊಮೇನ್ ಸರ್ವರ್ ಇಲ್ಲ. ಎರಡು ಸೆಷನ್ ಹೋಸ್ಟ್ (ಜನ ಲಾಗಿನ್ ಆಗಿ ಕೆಲಸ ಮಾಡೋ ಕ್ಲೌಡ್ ಮಷಿನ್) ಇದ್ದವು, ಶನಿವಾರ ಮೂರನೆಯದು ಸೇರಿಸಿದೆವು. ಸೋಮವಾರದಿಂದ ಹಲವರಿಗೆ "ಈ ಡಿವೈಸ್ ಬಳಸದಂತೆ ನಿಮ್ಮ ಅಕೌಂಟನ್ನು ಕಾನ್ಫಿಗರ್ ಮಾಡಲಾಗಿದೆ" ಅನ್ನೋ ಅರ್ಥದ ಇಂಗ್ಲಿಷ್ ಮೆಸೇಜ್ ಬರ್ತಿದೆ.

ಅರ್ಥವಾಗದ್ದು ಏನಂದ್ರೆ, ಸಂಜೆ ಸುಮ್ಮನೆ ವಿಂಡೋ ಕ್ಲೋಸ್ ಮಾಡಿ ಹೋದವರಿಗೆ ಬೆಳಿಗ್ಗೆ ಸಲೀಸಾಗಿ ತೆರೆಯುತ್ತೆ. ಸರಿಯಾಗಿ ಸೈನ್ ಔಟ್ ಮಾಡಿದವರಿಗೇ ತೆರೆಯಲ್ಲ. ನಾಲ್ಕು ಜನರ ಪಾಸ್‌ವರ್ಡ್ ರೀಸೆಟ್ ಮಾಡಿ ನೋಡಿದೆ, ಏನೂ ಆಗಲಿಲ್ಲ. ನನಗೆ ಸಬ್‌ಸ್ಕ್ರಿಪ್ಷನ್ ಮೇಲೆ ಓನರ್ ರೋಲ್ ಇದೆ, ನನ್ನನ್ನೂ ಬಿಡ್ತಿಲ್ಲ. 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ದಯವಿಟ್ಟು ದಾರಿ ತೋರಿಸಿ.

ಉತ್ತರ 1 (ಕೋಲಾರ)

ಮೇಡಂ, ಪಾಸ್‌ವರ್ಡ್ ಮುಟ್ಟೋದು ನಿಲ್ಲಿಸಿ, ಅದರಲ್ಲಿ ದೋಷ ಇಲ್ಲ. ಮೊದಲು ಹೋಸ್ಟ್ ಪೂಲ್‌ಗೆ (ಈ ಹೋಸ್ಟ್‌ಗಳ ಗುಂಪು) ಹೋಗಿ, ಸೆಷನ್ ಹೋಸ್ಟ್‌ಗಳ ಪಟ್ಟಿಯಲ್ಲಿ ಮೂರನೆಯದಕ್ಕೆ ಡ್ರೈನ್ ಮೋಡ್ ಆನ್ ಮಾಡಿ. ಆಗ ಹೊಸ ಸೆಷನ್‌ಗಳೆಲ್ಲ ಹಳೇ ಎರಡಕ್ಕೇ ಹೋಗ್ತವೆ, ಇವತ್ತಿನ ಕೆಲಸ ನಡೆಯುತ್ತೆ.

ಕಾರಣ ಇದು. ಇಲ್ಲಿ ಎರಡು ಬಾಗಿಲು ಇವೆ. ಅಪ್ಲಿಕೇಶನ್ ಗ್ರೂಪ್‌ಗೆ (ಯಾರಿಗೆ ಯಾವ ಡೆಸ್ಕ್‌ಟಾಪ್ ಕಾಣಬೇಕು ಅನ್ನೋದನ್ನು ನಿರ್ಧರಿಸೋ ಪಟ್ಟಿ) ಬಳಕೆದಾರರನ್ನು ಸೇರಿಸಿದಾಗ ಅವರಿಗೆ ಡೆಸ್ಕ್‌ಟಾಪ್ ವರ್ಚುವಲೈಸೇಶನ್ ಯೂಸರ್ ರೋಲ್ ಸಿಗುತ್ತೆ, ಐಕಾನ್ ಕಾಣುತ್ತೆ. ಅದು ಹೊರಬಾಗಿಲು ಅಷ್ಟೇ. ಎಂಟ್ರಾ ಜಾಯಿನ್ ಆದ ಮಷಿನ್ ಒಳಗೆ ಹೋಗಲು ಆ ವಿಎಂ (ವರ್ಚುವಲ್ ಮಷಿನ್, ಇಲ್ಲಿ ಸೆಷನ್ ಹೋಸ್ಟ್) ಮೇಲೇ ವರ್ಚುವಲ್ ಮಷಿನ್ ಯೂಸರ್ ಲಾಗಿನ್ ರೋಲ್ ಬೇರೆ ಬೇಕು. ನಿಮ್ಮಲ್ಲಿ ಅದನ್ನು ಹಳೇ ಎರಡು ವಿಎಂಗಳ ಮೇಲೆ ಬಿಡಿಬಿಡಿಯಾಗಿ ಕೊಟ್ಟಿರಬೇಕು. ಹೊಸದಕ್ಕೆ ಅದು ತಾನಾಗಿ ಬರಲ್ಲ. ಓನರ್, ಕಾಂಟ್ರಿಬ್ಯೂಟರ್ ರೋಲ್‌ಗಳು ವಿಎಂ ಅನ್ನು ನಿರ್ವಹಿಸೋಕೆ ಮಾತ್ರ. ಅದರೊಳಗೆ ಲಾಗಿನ್ ಆಗೋ ಹಕ್ಕು ಅವುಗಳಲ್ಲಿ ಇಲ್ಲ. ನಿಮ್ಮನ್ನು ಬಿಡದೇ ಇರೋದು ಅದಕ್ಕೇ.

ಸೈನ್ ಔಟ್ ಮಾಡಿದವರಿಗೇ ಯಾಕೆ ತೊಂದರೆ ಅಂದ್ರೆ, ನಿಮ್ಮದು ಬ್ರೆಡ್ತ್ ಫಸ್ಟ್ ಲೋಡ್ ಬ್ಯಾಲೆನ್ಸಿಂಗ್ ಇರಬೇಕು. ಎಲ್ಲಿ ಸೆಷನ್ ಕಡಿಮೆಯೋ ಅಲ್ಲಿಗೆ ಹೊಸಬರನ್ನು ಕಳಿಸುತ್ತೆ. ಮೂರನೇ ಹೋಸ್ಟ್‌ಗೆ ಯಾರೂ ಒಳಗೆ ಹೋಗಲಾಗದ ಕಾರಣ ಅಲ್ಲಿ ಯಾವಾಗಲೂ ಸೊನ್ನೆ ಸೆಷನ್, ಹಾಗಾಗಿ ಬಂದವರನ್ನೆಲ್ಲ ಅಲ್ಲಿಗೇ ತಳ್ಳುತ್ತಿದೆ. ವಿಂಡೋ ಕ್ಲೋಸ್ ಮಾಡಿ ಹೋದವರ ಹಳೇ ಸೆಷನ್ ಇನ್ನೂ ಜೀವಂತ ಇರುತ್ತೆ, ಅವರು ಅದಕ್ಕೇ ವಾಪಸ್ ಸೇರ್ತಾರೆ.

ಉತ್ತರ 2 (ಗೌರಿಬಿದನೂರು)

ಮೇಲಿನವರು ಹೇಳಿದ್ದು ಸರಿ. ರೋಲ್ ಕೊಡುವಾಗ ಮತ್ತೆ ವಿಎಂ ಮೇಲೆ ಕೊಡಬೇಡಿ, ನಾಲ್ಕನೇ ಹೋಸ್ಟ್ ಬಂದ ದಿನ ಇದೇ ಕಥೆ. ಸೆಷನ್ ಹೋಸ್ಟ್‌ಗಳಿರುವ ರಿಸೋರ್ಸ್ ಗ್ರೂಪ್ (ಫೋಲ್ಡರ್ ಇದ್ದಂತೆ, ಇದರ ಮೇಲೆ ಕೊಟ್ಟ ರೋಲ್ ಒಳಗಿನ ಎಲ್ಲ ವಿಎಂಗೂ ಸಿಗುತ್ತೆ) ತೆರೆಯಿರಿ, ಆಕ್ಸೆಸ್ ಕಂಟ್ರೋಲ್, ಆಡ್ ರೋಲ್ ಅಸೈನ್‌ಮೆಂಟ್, ವರ್ಚುವಲ್ ಮಷಿನ್ ಯೂಸರ್ ಲಾಗಿನ್. ಮೆಂಬರ್ಸ್‌ನಲ್ಲಿ 22 ಹೆಸರು ಹಾಕೋ ಬದಲು ಒಂದು ಸೆಕ್ಯುರಿಟಿ ಗ್ರೂಪ್ ಹಾಕಿ. ಅಪ್ಲಿಕೇಶನ್ ಗ್ರೂಪ್‌ಗೂ ಅದೇ ಗ್ರೂಪ್. ಆಗ ಹೊಸಬರು ಬಂದಾಗ ಒಂದೇ ಕಡೆ ಸೇರಿಸಿದರೆ ಸಾಕು. ಜಾರಿಗೆ ಬರಲು 10 ನಿಮಿಷ ಹಿಡಿಯಬಹುದು, ಅಷ್ಟರಲ್ಲಿ ಆಗಲಿಲ್ಲ ಅಂತ ಬೇರೆ ಬೇರೆ ರೋಲ್ ಕೊಟ್ಟು ಗೋಜಲು ಮಾಡಿಕೊಳ್ಳಬೇಡಿ.

ವರ್ಚುವಲ್ ಮಷಿನ್ ಅಡ್ಮಿನಿಸ್ಟ್ರೇಟರ್ ಲಾಗಿನ್ ಅಂತ ಇನ್ನೊಂದಿದೆ. ಅದು ನಿಮಗೊಬ್ಬರಿಗೆ ಇರಲಿ. ಒಂದೇ ಮಷಿನ್‌ನಲ್ಲಿ ಹತ್ತು ಜನ ಕೂತಿರುವಾಗ ಒಬ್ಬರು ಅಡ್ಮಿನ್ ಆಗಿ ಏನಾದರೂ ಅನ್‌ಇನ್‌ಸ್ಟಾಲ್ ಮಾಡಿದರೆ ಹತ್ತೂ ಜನರ ಕೆಲಸ ನಿಲ್ಲುತ್ತೆ.

ಹಳೇ ಹೋಸ್ಟ್ ಡಿಲೀಟ್ ಮಾಡಿ ಅದೇ ಹೆಸರಲ್ಲಿ ಮತ್ತೆ ಕಟ್ಟುವವರಿಗೆ ಒಂದು ಮಾತು: ಎಂಟ್ರಾದ ಡಿವೈಸ್ ಪಟ್ಟಿಯಿಂದ ಹಳೇ ನಮೂದನ್ನೂ ಅಳಿಸಿ, ಇಲ್ಲದಿದ್ದರೆ ಜಾಯಿನ್ ಆಗುವುದೇ ವಿಫಲವಾಗುತ್ತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ ಸಾರ್. ರೋಲ್‌ಗಳು ವಿಎಂ ಮೇಲೇ ಇದ್ದವು. ರಿಸೋರ್ಸ್ ಗ್ರೂಪ್ ಮೇಲೆ ಗ್ರೂಪ್‌ಗೆ ಕೊಟ್ಟು, ಡ್ರೈನ್ ಮೋಡ್ ತೆಗೆದೆ. ಆಫೀಸಿನವರೆಲ್ಲ ಮೂರನೆಯದಕ್ಕೂ ಹೋಗ್ತಿದ್ದಾರೆ. ಇಬ್ಬರದು ಉಳಿದಿದೆ. ಗುಬ್ಬಿಯಿಂದ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡೋ ಒಬ್ಬರಿಗೆ "ಲಾಗಾನ್ ಅಟೆಂಪ್ಟ್ ಫೇಲ್ಡ್". ಇನ್ನೊಬ್ಬರಿಗೆ "ಈ ಸೈನ್ ಇನ್ ವಿಧಾನಕ್ಕೆ ಅನುಮತಿ ಇಲ್ಲ" ಅಂತ.

ಉತ್ತರ 3 (ಚಿಕ್ಕಬಳ್ಳಾಪುರ)

ಎರಡೂ ಬೇರೆ ಬೇರೆ ರೋಗ ಮೇಡಂ. ಗುಬ್ಬಿಯವರ ಲ್ಯಾಪ್‌ಟಾಪ್ ನಿಮ್ಮ ಎಂಟ್ರಾ ಟೆನೆಂಟ್‌ಗೆ (ಎಂಟ್ರಾದಲ್ಲಿ ನಿಮ್ಮ ಸಂಸ್ಥೆಯ ಜಾಗ) ಸೇರಿಲ್ಲ, ಅದಕ್ಕೇ ಹೋಸ್ಟ್ ಅವರನ್ನು ಗುರುತಿಸ್ತಿಲ್ಲ. ಹೋಸ್ಟ್ ಪೂಲ್‌ನ ಆರ್‌ಡಿಪಿ (ದೂರದ ಡೆಸ್ಕ್‌ಟಾಪ್ ಸಂಪರ್ಕದ) ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ "ಟಾರ್ಗೆಟ್ ಈಸ್ ಎಎಡಿ ಜಾಯಿನ್ಡ್" (ಎಎಡಿ ಅಂದ್ರೆ ಎಂಟ್ರಾದ ಹಳೇ ಹೆಸರು) ಅನ್ನೋ ಪ್ರಾಪರ್ಟಿಯನ್ನು 1 ಮಾಡಿ; ಅಲ್ಲಿ ಅದನ್ನು ಜಾಗ ಬಿಡದೆ ಒಂದೇ ಪದವಾಗಿ ಬರೆಯಬೇಕು. ಆಮೇಲೆ ಅವರು ಕ್ಲೈಂಟ್‌ನಲ್ಲಿ ವರ್ಕ್‌ಸ್ಪೇಸ್ ರಿಫ್ರೆಶ್ ಮಾಡಲೇಬೇಕು, ಇಲ್ಲದಿದ್ದರೆ ಹಳೇ ಸೆಟ್ಟಿಂಗ್ ಮೇಲೇ ಓಡುತ್ತೆ.

ಎರಡನೆಯವರದು ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ ಕೇಳೋದು). ಅವರ ಅಕೌಂಟ್‌ಗೆ ಹಳೇ ಪದ್ಧತಿಯ ಪರ್ ಯೂಸರ್ ಎಂಎಫ್‌ಎ ಆನ್ ಇದೆಯಾ ನೋಡಿ. ಇದ್ದರೆ ತೆಗೆದು, ಕಂಡೀಷನಲ್ ಆಕ್ಸೆಸ್ ಪಾಲಿಸಿ (ಯಾವ ಆ್ಯಪ್‌ಗೆ ಯಾವ ಷರತ್ತಿನ ಮೇಲೆ ಬಿಡಬೇಕು ಅನ್ನೋ ಎಂಟ್ರಾ ನಿಯಮ) ಮೂಲಕವೇ ಎಂಎಫ್‌ಎ ಕೇಳಿ. ಆ ಪಾಲಿಸಿಯಿಂದ ಅಜೂರ್ ವಿಂಡೋಸ್ ವಿಎಂ ಸೈನ್ ಇನ್ ಅನ್ನೋ ಆ್ಯಪನ್ನು ಮಾತ್ರ ಹೊರಗಿಡಿ. ವಿಎಂನ ಪಾಸ್‌ವರ್ಡ್ ಪರದೆಯಲ್ಲಿ ಎಂಎಫ್‌ಎ ಕೇಳೋ ವ್ಯವಸ್ಥೆಯೇ ಇಲ್ಲ, ಅದಕ್ಕೇ ನಿರಾಕರಿಸುತ್ತೆ. ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ಆ್ಯಪ್ ಮೇಲಿನ ಎಂಎಫ್‌ಎ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಲೆಕ್ಕಪತ್ರ ಇರೋ ಮಷಿನ್‌ಗಳು. ಯಾವ ಪಾಲಿಸಿ ತಡೀತಿದೆ ಅಂತ ಊಹಿಸೋ ಅಗತ್ಯ ಇಲ್ಲ. ಎಂಟ್ರಾ ಸೈನ್ ಇನ್ ಲಾಗ್‌ನಲ್ಲಿ ಆ ಬಳಕೆದಾರರ ವಿಫಲ ಸಾಲು ತೆರೆದು ಕಂಡೀಷನಲ್ ಆಕ್ಸೆಸ್ ಟ್ಯಾಬ್ ನೋಡಿ, ಹೆಸರೇ ಇರುತ್ತೆ.

20ನೇ ತಾರೀಖು ಕಳೆದ ಮೇಲೆ ಎಂಟ್ರಾ ಸಿಂಗಲ್ ಸೈನ್ ಆನ್ ಹಾಕಿಕೊಳ್ಳಿ. ಆಗ ವಿಎಂ ಬಾಗಿಲಲ್ಲಿ ಎರಡನೇ ಸಲ ಪಾಸ್‌ವರ್ಡ್ ಕೇಳಲ್ಲ, ಮೇಲಿನ ಎರಡೂ ತಕರಾರು ಹುಟ್ಟಲ್ಲ. ಪೂಲ್‌ನಲ್ಲಿ ಆನ್ ಮಾಡೋ ಮೊದಲು ಟೆನೆಂಟ್‌ನಲ್ಲೂ ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಮತ್ತೆ, ಅದು ಬಂದ ಮೇಲೆ ಸ್ಕ್ರೀನ್ ಲಾಕ್ ಮಾಡಿದರೆ ಲಾಕ್ ಪರದೆ ಬರೋ ಬದಲು ಸೆಷನ್ ಡಿಸ್‌ಕನೆಕ್ಟ್ ಆಗುತ್ತೆ. ಸಿಬ್ಬಂದಿಗೆ ಮೊದಲೇ ತಿಳಿಸಿ, ಇಲ್ಲಾಂದ್ರೆ ಕೆಲಸ ಹೋಯ್ತು ಅಂತ ಗಾಬರಿಯಾಗ್ತಾರೆ.