ದಿನ ತುಂಬದ ಮಗುವಿಗೆ ನರದಲ್ಲಿ ಕೊಬ್ಬು: ಟ್ರೈಗ್ಲಿಸರೈಡ್ ಏರಿದರೆ ಏನು?

ಪ್ರಶ್ನೆ (ಮಗುವಿನ ತಾಯಿ): ನಮಸ್ಕಾರ ಡಾಕ್ಟ್ರೇ. ಮಗಳು 28 ವಾರಕ್ಕೇ ಹುಟ್ಟಿದಳು, ತೂಕ 1 ಕೆಜಿ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಾಳೆ. ಹಾಲಿನ ಹಾಗೆ ಬೆಳ್ಳಗಿರೋ ಲಿಪಿಡ್ ಡ್ರಿಪ್ ಹಾಕಿದ್ದಾರೆ. ನಿನ್ನೆ ರಕ್ತದಲ್ಲಿ ಟ್ರೈಗ್ಲಿಸರೈಡ್ (ಒಂದು ಬಗೆಯ ಕೊಬ್ಬು) 290 ಬಂತು ಅಂತ ಆ ಡ್ರಿಪ್ ಕಡಿಮೆ ಮಾಡಿದರು. ಇಷ್ಟು ಪುಟ್ಟ ಕೂಸಿಗೆ ಕೊಬ್ಬು ಯಾಕೆ? ಪೂರ್ತಿ ನಿಲ್ಲಿಸಿಬಿಟ್ಟರೆ ಒಳ್ಳೆಯದಲ್ವಾ?

ಉತ್ತರ (ನವಜಾತ ಶಿಶು ವೈದ್ಯೆ): ನಿಲ್ಲಿಸೋದು ಬೇಡಮ್ಮ. ಹೊಟ್ಟೆಯಲ್ಲಿರುವಾಗ ಮಗು ಕೊಬ್ಬು ಕೂಡಿಡೋದೇ ಕೊನೆಯ ಮೂರು ತಿಂಗಳಲ್ಲಿ. ನಿಮ್ಮ ಮಗಳಿಗೆ ಆ ಸಮಯ ಸಿಗಲೇ ಇಲ್ಲ. ಮಿದುಳು ಬೆಳೆಯೋಕೆ ಬೇಕಾದ ಕೆಲವು ಕೊಬ್ಬಿನಾಮ್ಲಗಳನ್ನು ದೇಹ ತಾನೇ ತಯಾರಿಸಲಾರದು. ಹೊರಗಿಂದ ಕೊಡದಿದ್ದರೆ ಕೆಲವೇ ದಿನಗಳಲ್ಲಿ ಕೊರತೆ ಶುರುವಾಗುತ್ತದೆ.

ಇನ್ನು ಆ 290. ಇದನ್ನು ದೊಡ್ಡವರ ಕೊಲೆಸ್ಟ್ರಾಲ್ ರಿಪೋರ್ಟ್ ಥರ ಓದಬೇಡಿ. ರಕ್ತನಾಳದ ಒಳಗೋಡೆಯಲ್ಲಿ ಲೈಪೋಪ್ರೋಟೀನ್ ಲೈಪೇಸ್ ಅನ್ನೋ ಕಿಣ್ವ ಇರುತ್ತದೆ. ಕೊಬ್ಬಿನ ಹನಿಯನ್ನು ಒಡೆದು ದೇಹಕ್ಕೆ ಕೊಡೋದು ಅದರ ಕೆಲಸ. ದಿನ ತುಂಬದ ಮಕ್ಕಳಲ್ಲಿ ಅದಿನ್ನೂ ಕಡಿಮೆ. ಸೋಂಕು ಬಂದರೆ, ಹೊಟ್ಟೆಯಲ್ಲೇ ಬೆಳವಣಿಗೆ ಕುಂಠಿತವಾಗಿದ್ದರೆ ಇನ್ನೂ ನಿಧಾನ. ಒಳಗೆ ಹೋಗೋ ಕೊಬ್ಬು ಖರ್ಚಾಗೋದಕ್ಕಿಂತ ಜಾಸ್ತಿಯಾದಾಗ ರಕ್ತದಲ್ಲಿ ಉಳಿದುಬಿಡುತ್ತದೆ. ಡ್ರಿಪ್ ನಡೆಯುತ್ತಿರುವಾಗ ಟ್ರೈಗ್ಲಿಸರೈಡ್ ಡೆಸಿಲೀಟರ್‌ಗೆ (100 ಎಂಎಲ್‌ಗೆ) 265 ಮಿಲಿಗ್ರಾಂ ದಾಟಿದರೆ ವೇಗ ಇಳಿಸಿ ಮತ್ತೆ ಪರೀಕ್ಷಿಸುತ್ತೇವೆ. ನಿಮ್ಮ ಡಾಕ್ಟರು ಮಾಡಿದ್ದೂ ಅದೇ.

ಪ್ರಮಾಣ ಎಷ್ಟು ಸಣ್ಣದು ನೋಡಿ. ಕೆಜಿಗೆ ದಿನಕ್ಕೆ 3 ಗ್ರಾಂ ಅಂದರೆ, 20 ಪರ್ಸೆಂಟ್ ಲಿಪಿಡ್ ನಿಮ್ಮ ಮಗುವಿಗೆ 15 ಎಂಎಲ್. ಅದನ್ನೇ ಸಿರಿಂಜ್ ಪಂಪ್ 24 ಗಂಟೆಗೆ ಹಂಚಿ ಕೊಡುತ್ತದೆ, ಗಂಟೆಗೆ 0.6 ಎಂಎಲ್ ಆಸುಪಾಸು. ಬೇಗ ಬೇಗ ಕೊಟ್ಟರೆ ಇದೇ 15 ಎಂಎಲ್ ರಕ್ತದಲ್ಲಿ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ (ಒಬ್ಬ ನರ್ಸ್): ಮೇಡಂ, 10 ಪರ್ಸೆಂಟ್ ಲಿಪಿಡ್ ತೆಳುವಲ್ವಾ? ಅದನ್ನು ಕೊಟ್ಟರೆ ಏರಿಕೆ ಕಡಿಮೆ ಆಗಲ್ವಾ?

ಉತ್ತರ: ಎಲ್ಲರಿಗೂ ಹಾಗೇ ಅನ್ನಿಸುತ್ತದೆ, ಆಗೋದು ಉಲ್ಟಾ. ಎಣ್ಣೆ ನೀರಲ್ಲಿ ಬೆರೆತಿರಲಿ ಅಂತ ಫಾಸ್ಫೋಲಿಪಿಡ್ ಸೇರಿಸಿರುತ್ತಾರೆ. ಸಾಮಾನ್ಯ 10 ಪರ್ಸೆಂಟ್‌ನಲ್ಲಿ ಎಣ್ಣೆ ಅರ್ಧವಾದರೂ ಫಾಸ್ಫೋಲಿಪಿಡ್ ಅಷ್ಟೇ ಇರುತ್ತದೆ. ಹಾಗಾಗಿ ಅಷ್ಟೇ ಗ್ರಾಂ ಕೊಬ್ಬಿಗೆ ಅದು ದುಪ್ಪಟ್ಟು ಒಳಗೆ ಹೋಗುತ್ತದೆ. ಹೆಚ್ಚಾದದ್ದು ಕೊಲೆಸ್ಟ್ರಾಲನ್ನು ಎಳೆದುಕೊಂಡು ಲೈಪೋಪ್ರೋಟೀನ್ ಎಕ್ಸ್ ಅನ್ನೋ ಕಣವಾಗಿ ರಕ್ತದಲ್ಲೇ ಸುತ್ತುತ್ತದೆ. ಟ್ರೈಗ್ಲಿಸರೈಡ್ ಕರಗೋದೂ ತಡ. ಅದಕ್ಕೇ ಈ ಮಕ್ಕಳಿಗೆ 20 ಪರ್ಸೆಂಟ್ ಬಳಸೋದು.

ನೀವು ಕೇಳಿದ್ದಕ್ಕೆ ಇನ್ನೊಂದು ಮಾತು. ಲಿಪಿಡ್ ಹೋಗುತ್ತಿರೋ ಲೈನಿನಿಂದ ಸ್ಯಾಂಪಲ್ ತೆಗೆಯಲೇಬೇಡಿ. ಟ್ಯೂಬಿನಲ್ಲಿ ಉಳಿದ ಒಂದು ಹನಿ ಸಾಕು, ಇಲ್ಲದ ಏರಿಕೆ ತೋರಿಸಿ ಮಗುವಿನ ಪೋಷಣೆ ಸುಮ್ನೆ ಕಡಿತವಾಗುತ್ತದೆ. ಬೇರೆ ಜಾಗದಿಂದ ತೆಗೆದ ರಕ್ತವೂ ನಿಂತ ಮೇಲೆ ಮೇಲ್ಗಡೆ ಮಜ್ಜಿಗೆ ಥರ ಬೆಳ್ಳಗೆ ಕಂಡರೆ ಲ್ಯಾಬ್‌ಗೆ ತಿಳಿಸಿ. ಆ ಬಿಳುಪಿಗೆ ಸೋಡಿಯಂ, ಬಿಲಿರುಬಿನ್ ಲೆಕ್ಕವೂ ತಪ್ಪಬಹುದು.

ಮಗುವಿನ ತಾಯಿ: ಈಗ ಜೀವಕ್ಕೆ ಸಮಾಧಾನ ಆಯ್ತು ಮೇಡಂ. ಎದೆಹಾಲು 1 ಎಂಎಲ್ ಶುರು ಮಾಡಿದ್ದಾರೆ.

ಉತ್ತರ: ತುಂಬಾ ಸಂತೋಷ. ಆ ಹಾಲು ಏರಿದಂತೆ ಈ ಡ್ರಿಪ್ ಇಳಿಯುತ್ತಾ ಹೋಗುತ್ತದೆ. ಹಾಲು ಹಿಂಡಿ ಕೊಡೋದನ್ನು ಮಾತ್ರ ಬಿಡಬೇಡಿ.