ನಕ್ಷೆ ನೋಡಿ ಮಕ್ಕಳು ಕೇಳುತ್ತಾರೆ: ನಾವು ಶ್ರೀಮಂತರಾ, ಬಡವರಾ?

ಸಮಾಜದ ಮಿಸ್:
ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ದೇಶ ದೇಶಗಳನ್ನು ಹೋಲಿಸುವ ಬಣ್ಣದ ವಿಶ್ವ ನಕ್ಷೆಗಳು ಇರುತ್ತವಲ್ವಾ, ಆದಾಯ, ಆಯಸ್ಸು, ಓದು ಅಂತ, ಅವುಗಳಲ್ಲಿ ನಾಲ್ಕೈದನ್ನು ಪ್ರಿಂಟ್ ಹಾಕಿಸಿ 9ನೇ ತರಗತಿಯ ಗೋಡೆಗೆ ಅಂಟಿಸಿದೆ. ಒಟ್ಟು ಜಿಡಿಪಿಯ, ಅಂದರೆ ಇಡೀ ದೇಶದ ವರ್ಷದ ಉತ್ಪಾದನೆಯ ಮೌಲ್ಯದ ನಕ್ಷೆಯಲ್ಲಿ ಭಾರತ ಗಾಢ ಬಣ್ಣ, ಅಂದರೆ ಹೆಚ್ಚು. ಪಕ್ಕದಲ್ಲೇ ಇರುವ ತಲಾ ಆದಾಯದ ನಕ್ಷೆಯಲ್ಲಿ ತೀರಾ ತಿಳಿ ಬಣ್ಣ. "ಮಿಸ್, ನಾವು ಶ್ರೀಮಂತರಾ, ಬಡವರಾ?" ಅಂತ ಒಬ್ಬಳು ಕೇಳಿದಳು. ಪುಸ್ತಕದಲ್ಲಿರುವ ವ್ಯಾಖ್ಯೆ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ.

ಲೆಕ್ಕದವನು:
ಎರಡೂ ನಿಜ ಮೇಡಂ. ಮನೆ ಲೆಕ್ಕದಲ್ಲಿ ಹೇಳಿ ನೋಡಿ. ಹತ್ತು ಜನರ ಮನೆಗೆ ತಿಂಗಳಿಗೆ 50 ಸಾವಿರ ಬರುತ್ತದೆ, ಎದುರು ಮನೆಯ ಇಬ್ಬರಿಗೆ 30 ಸಾವಿರ. ದೊಡ್ಡ ಮೊತ್ತ ಮೊದಲ ಮನೆಯದು, ಆದರೆ ತಲೆಗೆ ಸಿಗೋದು 5 ಸಾವಿರ, ಅಲ್ಲಿ 15 ಸಾವಿರ. ಇನ್ನೊಂದು ವಿಷಯ, ತಲಾ ಆದಾಯವನ್ನು ಬರೀ ಡಾಲರಿಗೆ ಬದಲಾಯಿಸಿ ತೋರಿಸಿದ್ದಾರಾ, ಇಲ್ಲಾ ಆಯಾ ದೇಶದ ಬೆಲೆ ನೋಡಿ ಸರಿಮಾಡಿದ್ದಾರಾ ಅಂತ ನಕ್ಷೆಯ ಕೆಳಗೆ ನೋಡಿ. ಅಮೆರಿಕದಂಥ ಕಡೆ ಒಂದು ಹೇರ್ ಕಟಿಂಗಿಗೆ ಕೊಡುವ ದುಡ್ಡಲ್ಲಿ ಇಲ್ಲಿ ಇಡೀ ಮನೆಯವರಿಗೆ ಕಟಿಂಗ್ ಮಾಡಿಸಬಹುದು.

ಭೂಪಟ ಪ್ರೇಮಿ:
ಬಣ್ಣಕ್ಕಿಂತ ಮೊದಲು ಆಕಾರವೇ ಕಣ್ಣಿಗೆ ಮೋಸ ಮಾಡುತ್ತದೆ. ನಮ್ಮ ಗೋಡೆಗಳ ಮೇಲಿರುವ ಎಷ್ಟೋ ನಕ್ಷೆಗಳು ಮರ್ಕೇಟರ್ ಅನ್ನೋ ನಕ್ಷೆಗಾರ 1569ರಲ್ಲಿ ಮಾಡಿದ ರೀತಿಯವು. ಹಡಗಿನವರು ದಿಕ್ಸೂಚಿ ಹಿಡಿದು ನೇರ ಗೆರೆ ಎಳೆದುಕೊಂಡು ಹೋಗಲಿ ಅಂತ ಮಾಡಿದ್ದು. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ದೊಡ್ಡದು! 2018ರಲ್ಲಿ ಬಂದ ಈಕ್ವಲ್ ಅರ್ತ್ ಮಾದರಿಯಲ್ಲಿ ವಿಸ್ತೀರ್ಣ ಸರಿಯಾಗಿರುತ್ತದೆ, ಅದನ್ನೇ ಹಾಕಿ. ಆದರೂ ಒಂದು ತೊಂದರೆ ಉಳಿಯುತ್ತದೆ, ಬಣ್ಣ ಬೀಳೋದು ನೆಲಕ್ಕೆ, ಜನಕ್ಕಲ್ಲ. ಬಾಂಗ್ಲಾದೇಶ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು, ಆದರೆ ಅಲ್ಲಿ ರಷ್ಯಾಕ್ಕಿಂತ ಜಾಸ್ತಿ ಜನ ಇದ್ದಾರೆ. ನಕ್ಷೆಯಲ್ಲಿ ರಷ್ಯಾದ ಬಣ್ಣ ಅರ್ಧ ಗೋಡೆ ತುಂಬುತ್ತದೆ, ಬಾಂಗ್ಲಾದೇಶ ಒಂದು ಚುಕ್ಕೆ. ಜನಸಂಖ್ಯೆಗೆ ತಕ್ಕಂತೆ ದೇಶಗಳನ್ನು ಹಿಗ್ಗಿಸಿ ಕುಗ್ಗಿಸಿದ ನಕ್ಷೆಗಳೂ ಸಿಗುತ್ತವೆ, ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ.

ಕಲಬುರಗಿಯಿಂದ:
ಮೇಡಂ, ನನಗೆ ಇದರಲ್ಲಿ ಬೇಸರ ಆಗೋದು ಬೇರೆ ಕಡೆ. ಇಡೀ ಭಾರತಕ್ಕೆ ಒಂದೇ ಬಣ್ಣ ಬಳಿಯುತ್ತಾರೆ. ಕೇರಳವೂ ಅದೇ, ಬಿಹಾರವೂ ಅದೇ. ರಾಜ್ಯದ ಒಳಗೇ ನೋಡಿ, ಬೆಂಗಳೂರಿನ ತಲಾ ಆದಾಯ ಎಲ್ಲಿ, ನಮ್ಮ ಜಿಲ್ಲೆಯದು ಎಲ್ಲಿ. ರಾಜ್ಯದ ಯಾವ ಭಾಗ ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕು ತಾಲ್ಲೂಕಿನ ಲೆಕ್ಕ ಹಾಕಿದ್ದು ಇದಕ್ಕೇ ಅಲ್ವಾ? ಸಂಸ್ಕೃತಿಯ ನಕ್ಷೆಗಳಂತೂ ಇನ್ನೂ ಕಷ್ಟ. ಇಂಗಲ್‌ಹಾರ್ಟ್–ವೆಲ್ಜೆಲ್ ನಕ್ಷೆ ಅಂತ ಒಂದಿದೆ, ಜನರನ್ನು ಮಾತಾಡಿಸಿ ದೇವರು, ಕುಟುಂಬ, ಸ್ವಾತಂತ್ರ್ಯದ ಬಗ್ಗೆ ಕೇಳಿ, ಉತ್ತರಗಳ ಸರಾಸರಿ ತೆಗೆದು ಒಂದು ದೇಶಕ್ಕೆ ಒಂದು ಚುಕ್ಕೆ ಇಡುತ್ತಾರೆ. ಇಷ್ಟೊಂದು ಭಾಷೆ, ಜಾತಿ, ಊರು ಎಲ್ಲ ಸೇರಿ ಒಂದು ಚುಕ್ಕೆ. ಮಕ್ಕಳಿಗೆ ಕರ್ನಾಟಕದ ಖಾಲಿ ನಕ್ಷೆ ಕೊಡಿ. ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ಅಂಕಿ ಸಿಗುತ್ತದೆ, ಅವರೇ ಬಣ್ಣ ಹಾಕಲಿ.

ಸಮಾಜದ ಮಿಸ್:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ರಷ್ಯಾ–ಬಾಂಗ್ಲಾದೇಶದಿಂದಲೇ ಶುರು. ಆಮೇಲೆ ಆ ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ಮೊದಲ ಖಾಲಿ ನಕ್ಷೆ ಕೊಡುತ್ತೇನೆ.